ಬೆಂಚಿನ ಮೇಲೆ ಕೂತವರ ಬಲ: ಅಲಬಾಮಾ ತಂಡದ ಮೇಲುಗೈ ಹೇಗೆ ಕಟ್ಟಲ್ಪಟ್ಟಿತು, ಏಕೆ ಕರಗಿತು

2018ರ ಜನವರಿ 8ರ ರಾತ್ರಿ ಅಟ್ಲಾಂಟಾದಲ್ಲಿ ನಡೆದ ಅಮೆರಿಕದ ಕಾಲೇಜು ಫುಟ್‌ಬಾಲ್ ಫೈನಲ್‌ನಲ್ಲಿ, ವಿರಾಮದ ಹೊತ್ತಿಗೆ ಅಲಬಾಮಾ ವಿಶ್ವವಿದ್ಯಾಲಯದ ತಂಡ ಜಾರ್ಜಿಯಾ ಎದುರು 13-0ರಿಂದ ಹಿಂದೆ ಬಿದ್ದಿತ್ತು. ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿಯನ್ನು ಮುನ್ನಡೆಸುವ ಆಟಗಾರ) ಜೇಲನ್ ಹರ್ಟ್ಸ್ ಎರಡು ವರ್ಷಗಳಲ್ಲಿ ಎರಡೇ ಸೋಲು ಕಂಡಿದ್ದ ಆಟಗಾರ. ಕೋಚ್ ನಿಕ್ ಸೇಬನ್ ಅವನನ್ನು ಕೂರಿಸಿ, ಅಲ್ಲಿಯವರೆಗೆ ಒಂದು ಪಂದ್ಯವನ್ನೂ ಆರಂಭದಿಂದ ಆಡದಿದ್ದ, ಹವಾಯಿಯಿಂದ ಬಂದ 19 ವರ್ಷದ ಟುವಾ ಟಾಗೊವಾಯ್ಲೋವಾನನ್ನು ಕಣಕ್ಕಿಳಿಸಿದರು. ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಅಲ್ಲಿ ಮೊದಲ ಯತ್ನದಲ್ಲೇ 16 ಗಜ ಹಿಂದಕ್ಕೆ ದೂಡಿಸಿಕೊಂಡ ಆ ಹುಡುಗ ಮರುಯತ್ನದಲ್ಲಿ 41 ಗಜ ದೂರಕ್ಕೆ ಚೆಂಡೆಸೆದ. ಅದನ್ನು ಹಿಡಿದವನು ಅವನಷ್ಟೇ ಹೊಸಬನಾಗಿದ್ದ ಡೆವಾಂಟಾ ಸ್ಮಿತ್. ಅಲಬಾಮಾ 26-23ರಿಂದ ಗೆದ್ದಿತು.

ಆ ರಾತ್ರಿಯನ್ನು ನೆನೆಯುವವರೆಲ್ಲ ಸೇಬನ್ ಅವರ ಎದೆಗಾರಿಕೆಯನ್ನು ಕೊಂಡಾಡುತ್ತಾರೆ. ಆ ಹೊಗಳಿಕೆ ಅವರಿಗೆ ಸಲ್ಲಬೇಕಾದದ್ದೇ. ಆದರೆ ನನಗೆ ಅದಕ್ಕಿಂತ ಮುಖ್ಯವೆನಿಸುವ ಪ್ರಶ್ನೆಯೊಂದಿದೆ. ದೇಶದ ಬೇರೆ ಯಾವ ವಿಶ್ವವಿದ್ಯಾಲಯಕ್ಕೆ ಹೋಗಿದ್ದರೂ ಮೊದಲ ದಿನದಿಂದಲೇ ತಂಡದ ಮುಖವಾಗಬಹುದಾಗಿದ್ದ ಹುಡುಗನೊಬ್ಬ, ಇಡೀ ವರ್ಷ ಅಲಬಾಮಾದ ಬೆಂಚಿನ ಮೇಲೆ ಏಕೆ ಕೂತಿದ್ದ? ಈ ಪ್ರಶ್ನೆಗೆ ಸಿಗುವ ಉತ್ತರದಲ್ಲಿ 2009ರಿಂದ 2020ರ ನಡುವೆ ಆರು ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡವೊಂದರ ಹಿರಿಮೆಯ ಕಾರಣವೂ ಇದೆ, ಅಂತಹ ತಂಡವನ್ನು ಇಂದು ಮತ್ತೆ ಕಟ್ಟುವುದು ಏಕೆ ಇಷ್ಟು ಕಷ್ಟವಾಗಿದೆ ಎಂಬುದರ ವಿವರಣೆಯೂ ಇದೆ.

ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಾಟವಲ್ಲ. ಎರಡೂ ಬದಿಯಲ್ಲಿ ಹನ್ನೊಂದು ಹನ್ನೊಂದು ಮಂದಿ ನಿಂತು, ಮೊಟ್ಟೆಯಾಕಾರದ ಚೆಂಡನ್ನು ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೊಯ್ಯಬೇಕಾದ ಆಟವಿದು. ದಾಳಿಗೆ ಒಂದು ಪಡೆ, ತಡೆಗೆ ಇನ್ನೊಂದು ಪಡೆ, ಒದೆತದ ಸಂದರ್ಭಗಳಿಗೆ ಮತ್ತೊಂದು ಪಡೆ ಇರುತ್ತದೆ. ಮೈಗೆ ಮೈ ಡಿಕ್ಕಿಯಾಗುವ ಆಟವಾದ್ದರಿಂದ ಋತು ಮುಗಿಯುವಷ್ಟರಲ್ಲಿ ಗಾಯಗೊಳ್ಳದ ತಂಡವೇ ಇರುವುದಿಲ್ಲ. ಹೀಗಾಗಿ ಎರಡನೆಯ ಸಾಲಿನಲ್ಲಿ ನಿಂತವರು ಎಷ್ಟು ಗಟ್ಟಿಗರು ಎಂಬುದು ಮೊದಲ ಸಾಲಿನವರ ಸಾಮರ್ಥ್ಯದಷ್ಟೇ ನಿರ್ಣಾಯಕವಾಗುತ್ತದೆ. ವಿಶ್ವವಿದ್ಯಾಲಯವೊಂದು ಫುಟ್‌ಬಾಲ್‌ಗೆಂದು ಒಮ್ಮೆಗೆ 85 ಪೂರ್ಣ ವಿದ್ಯಾರ್ಥಿವೇತನಗಳನ್ನು ಕೊಡಬಹುದೆಂಬುದು ಬಹುಕಾಲ ಇದ್ದ ನಿಯಮ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಪ್ರೌಢಶಾಲೆ ಮುಗಿಸಿ ಮೂರು ವರ್ಷವಾಗದ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಆ ಮೂರು ವರ್ಷಗಳನ್ನು ಕಳೆಯಲು ಕಾಲೇಜು ಮೈದಾನವನ್ನು ಬಿಟ್ಟರೆ ಹುಡುಗರಿಗೆ ಬೇರೆ ದಾರಿಯೇ ಇಲ್ಲವೆನ್ನಬೇಕು. ಕಾಲೇಜು ಕ್ರೀಡೆಯೆಂದರೆ ಅಂತರ ಕಾಲೇಜು ಪಂದ್ಯಾವಳಿ ಎಂದಷ್ಟೇ ತಿಳಿದಿರುವ ನಮಗೆ ಇದರ ಗಾತ್ರ ಸುಲಭಕ್ಕೆ ಅರ್ಥವಾಗುವುದಿಲ್ಲ. ಬ್ಲೂಮಿಂಗ್ಟನ್ನಿಗೋ ಕೊಲಂಬಸ್ಸಿಗೋ ಎಂ.ಎಸ್. ಓದಲು ಹೋದ ಕನ್ನಡದ ಮಕ್ಕಳಿಗೆ ಪಂದ್ಯವಿರುವ ಶನಿವಾರ ಊರು ಹೇಗಿರುತ್ತದೆಂದು ಗೊತ್ತಿರುತ್ತದೆ. ಅಲಬಾಮಾ ತಂಡದ ತವರಾದ ಟಸ್ಕಲೂಸಾದ ಕ್ರೀಡಾಂಗಣವೊಂದರಲ್ಲೇ ಸುಮಾರು ಒಂದು ಲಕ್ಷ ಜನ ಕೂರುತ್ತಾರೆ.

2007ರ ಜನವರಿಯಲ್ಲಿ ಸೇಬನ್ ಅಲ್ಲಿಗೆ ಬಂದಾಗ ಊರಿಗೆ ಹಳೆಯ ಕೀರ್ತಿಯ ನೆನಪು ಮಾತ್ರ ಉಳಿದಿತ್ತು. ಹಿಂದಿನ ಕೋಚ್ ಬೇರ್ ಬ್ರಯಂಟ್ ಅವರ ಕಾಲದ ಆರು ಪ್ರಶಸ್ತಿಗಳು ಇತಿಹಾಸ ಸೇರಿದ್ದವು, ಕಡೆಯ ಪ್ರಶಸ್ತಿ 1992ರದ್ದು, ನಿಯಮೋಲ್ಲಂಘನೆಗಾಗಿ 2002ರಲ್ಲಿ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆಯಾದ ಎನ್‌ಸಿಎಎ ವಿಧಿಸಿದ್ದ ಶಿಕ್ಷೆಯ ಪೆಟ್ಟು ಇನ್ನೂ ಮಾಸಿರಲಿಲ್ಲ, ಮೇಲಾಗಿ ರಾಜ್ಯದೊಳಗಿನ ಬದ್ಧ ಎದುರಾಳಿ ಆಬರ್ನ್‌ಗೆ ತಂಡ ಸತತ ಐದು ವರ್ಷ ಸೋತಿತ್ತು. ವರ್ಷಕ್ಕೆ 40 ಲಕ್ಷ ಡಾಲರ್‌ನಂತೆ ಎಂಟು ವರ್ಷಗಳ ಒಪ್ಪಂದ ಕೊಟ್ಟು ಕೋಚ್ ಒಬ್ಬರನ್ನು ಕರೆತಂದದ್ದು ಆಗ ದೇಶದಾದ್ಯಂತ ಚರ್ಚೆಗೆ ಗುರಿಯಾಯಿತು. ಆ ವಸಂತದಲ್ಲಿ ತಂಡ ತನ್ನೊಳಗೇ ಆಡಿಕೊಂಡ ಅಭ್ಯಾಸ ಪಂದ್ಯಕ್ಕೆ 92,000ಕ್ಕೂ ಹೆಚ್ಚು ಜನ ಬಂದರು. ಆದರೆ ಮೊದಲ ವರ್ಷದ ಫಲಿತಾಂಶ ಏಳು ಗೆಲುವು, ಆರು ಸೋಲು. ಆ ಸೋಲುಗಳಲ್ಲಿ ಲೂಯಿಸಿಯಾನಾ-ಮನ್ರೋ ಎಂಬ ಸಣ್ಣ ವಿಶ್ವವಿದ್ಯಾಲಯದ ಎದುರು ಸ್ವಂತ ಮೈದಾನದಲ್ಲೇ ಕಂಡ ಸೋಲೂ ಒಂದು.

ಬದಲಾವಣೆ ಶುರುವಾದದ್ದು ಆಟಗಾರರ ಆಯ್ಕೆಯಲ್ಲಿ. 1991ರಿಂದ 1994ರವರೆಗೆ ಎನ್‌ಎಫ್‌ಎಲ್ ತಂಡವಾದ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನಲ್ಲಿ ಕೋಚ್ ಬಿಲ್ ಬೆಲಿಚಿಕ್ ಅವರ ಕೈಕೆಳಗೆ ರಕ್ಷಣಾ ವಿಭಾಗವನ್ನು ನೋಡಿಕೊಂಡಿದ್ದ ಸೇಬನ್, ಪ್ರತಿ ಸ್ಥಾನಕ್ಕೂ ಎತ್ತರ, ತೂಕ, ವೇಗಗಳ ಅಳತೆಗೋಲನ್ನೂ ಆ ಸ್ಥಾನಕ್ಕೆ ಬೇಕೇಬೇಕಾದ ಗುಣಗಳ ಪಟ್ಟಿಯನ್ನೂ ಮೊದಲೇ ನಿಗದಿ ಮಾಡಿಕೊಳ್ಳುವ ವೃತ್ತಿಪರ ಲೀಗಿನ ಪದ್ಧತಿಯನ್ನು ಕಾಲೇಜಿಗೆ ತಂದರು. ಕಣ್ಣಿಗೆ ಹಿಡಿಸಿದ ಹುಡುಗನನ್ನು ಆರಿಸಿ, ಆಮೇಲೆ ಅವನಿಗೊಂದು ಜಾಗ ಹುಡುಕುವ ರೂಢಿ ಅಲ್ಲಿಗೆ ನಿಂತಿತು. 2008ರಲ್ಲಿ ಬಂದ ಹೊಸಬರ ತಂಡದಲ್ಲಿ ಹುಲಿಯೊ ಜೋನ್ಸ್, ಮಾರ್ಕ್ ಇಂಗ್ರಮ್, ಡಾಂಟೆ ಹೈಟವರ್, ಮಾರ್ಸೆಲ್ ಡೇರಿಯಸ್, ಮಾರ್ಕ್ ಬ್ಯಾರನ್ ಇದ್ದರು. ಇವರೆಲ್ಲರೂ ಮುಂದೆ ಎನ್‌ಎಫ್‌ಎಲ್ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯ ಮೊದಲ ಸುತ್ತಿನಲ್ಲೇ ಹೋದವರು. ಇಂಗ್ರಮ್ ಮರುವರ್ಷವೇ ಅಲಬಾಮಾಕ್ಕೆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪ್ರಶಸ್ತಿಯನ್ನು ಮೊಟ್ಟಮೊದಲ ಬಾರಿಗೆ ತಂದುಕೊಟ್ಟ, ತಂಡ 14-0ರ ಅಜೇಯ ಸಾಧನೆಯೊಂದಿಗೆ ಚಾಂಪಿಯನ್ ಆಯಿತು. 2011ರಿಂದ 2017ರವರೆಗೆ ಪ್ರತಿವರ್ಷವೂ ಪ್ರೌಢಶಾಲಾ ಆಟಗಾರರ ಆಯ್ಕೆಯಲ್ಲಿ ದೇಶಕ್ಕೇ ಮೊದಲ ಸ್ಥಾನ ಅಲಬಾಮಾದ್ದಾಗಿತ್ತು.

ಪ್ರತಿಭೆ ರಾಶಿಬಿದ್ದ ಮಾತ್ರಕ್ಕೆ ತಂಡವಾಗುವುದಿಲ್ಲ ಎಂಬುದನ್ನು ಅದೇ ಕಾಲದಲ್ಲಿ ಅಷ್ಟೇ ಹಣ ಸುರಿದ ಹಲವು ವಿಶ್ವವಿದ್ಯಾಲಯಗಳು ತೋರಿಸಿಕೊಟ್ಟಿವೆ. ಅಲಬಾಮಾದಲ್ಲಿ ಆ ರಾಶಿಯನ್ನು ತಂಡವಾಗಿಸಿದ್ದು ಸೇಬನ್ ‘ಪ್ರಾಸೆಸ್’ ಎಂದು ಕರೆಯುತ್ತಿದ್ದ ಕ್ರಮ. ಇದರ ಬೀಜ 1998ರಲ್ಲಿ ಬಿದ್ದದ್ದು. ಆಗ ಮಿಷಿಗನ್ ಸ್ಟೇಟ್ ಕೋಚ್ ಆಗಿದ್ದ ಸೇಬನ್, ದೇಶದ ಅಗ್ರ ತಂಡವಾದ ಒಹಾಯೊ ಸ್ಟೇಟನ್ನು ಅದರದೇ ನೆಲದಲ್ಲಿ ಎದುರಿಸಬೇಕಿತ್ತು. ಮಿಷಿಗನ್ ಸ್ಟೇಟ್‌ನದೇ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕ ಲಯನಲ್ ರೋಸನ್ ಅವರ ಸಲಹೆಯಂತೆ, ಗೆಲುವು ಸೋಲಿನ ಮಾತನ್ನೇ ಬಿಟ್ಟು, ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗುವ ಒಂದೊಂದು ಯತ್ನವನ್ನೂ ಒಂದು ಪೂರ್ಣ ಪಂದ್ಯವೆಂಬಂತೆ ಆಡಿ, ಮುಗಿದದ್ದನ್ನು ಅಲ್ಲಿಯೇ ಬಿಟ್ಟು ಮುಂದಿನದಕ್ಕೆ ಸಜ್ಜಾಗುವಂತೆ ಅವರು ಹುಡುಗರಿಗೆ ಹೇಳಿದರು. ಮಿಷಿಗನ್ ಸ್ಟೇಟ್ 28-24ರಿಂದ ಗೆದ್ದಿತು. ಈ ಮಾತು ಸೇಬನ್ ಮನಸ್ಸಿನಲ್ಲಿ ಅಷ್ಟು ಬೇಗ ಬೇರೂರಿದ್ದಕ್ಕೆ ಅವರ ಬಾಲ್ಯವೂ ಕಾರಣವೆಂದು ನನಗನಿಸುತ್ತದೆ. ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿ ಸೀಮೆಯಲ್ಲಿ ಅವರ ತಂದೆಗೆ ಒಂದು ಪೆಟ್ರೋಲ್ ಬಂಕ್ ಇತ್ತು, ತಂದೆಯೇ ಊರ ಮಕ್ಕಳ ತಂಡದ ಕೋಚ್ ಕೂಡ. ಅಲ್ಲಿ ತೊಳೆದ ಕಾರಿನ ಮೇಲೆ ಒಂದು ಗೆರೆ ಉಳಿದರೂ ಮಗ ಆ ಕಾರನ್ನು ಪೂರ್ತಿ ಮತ್ತೆ ತೊಳೆಯಬೇಕಿತ್ತು ಎಂದು ಸೇಬನ್ ಅನೇಕ ಸಲ ಹೇಳಿಕೊಂಡಿದ್ದಾರೆ.

ಆದರೆ ಇಂತಹ ಬೋಧೆಗೆ ಬಲ ಬರುವುದು ಮಂಗಳವಾರ, ಬುಧವಾರಗಳ ಅಭ್ಯಾಸದಲ್ಲಿ. ವಿಷಯದ ತಿರುಳು ಇರುವುದು ಇಲ್ಲಿಯೇ. ಮೊದಲ ಸಾಲಿನ ಆಟಗಾರನ ಎದುರು ಅಭ್ಯಾಸಕ್ಕೆ ನಿಲ್ಲುವ ಎರಡನೆಯ ಸಾಲಿನವನು ಮುಂದಿನ ವರ್ಷದ ಎನ್‌ಎಫ್‌ಎಲ್ ಆಟಗಾರನೇ ಆಗಿದ್ದರೆ, ಶನಿವಾರದ ಪಂದ್ಯ ವಾರದ ಅಭ್ಯಾಸಕ್ಕಿಂತ ಹಗುರವಾಗಿರುತ್ತದೆ. ಯಾರ ಜಾಗವೂ ಭದ್ರವಲ್ಲ ಎಂಬುದನ್ನು ಕೋಚ್ ಬಾಯಿಬಿಟ್ಟು ಹೇಳಬೇಕಾಗಿಯೇ ಇರಲಿಲ್ಲ. ಪಕ್ಕದಲ್ಲಿ ನಿಂತವನ ಮೈಕಟ್ಟನ್ನು ನೋಡಿದರೆ ಸಾಕಿತ್ತು. ಚೆಂಡನ್ನು ಹಿಡಿದು ಓಡುವ ಸ್ಥಾನವನ್ನೇ ನೋಡಿ. ಇಂಗ್ರಮ್ ಹಿಂದೆ ಟ್ರೆಂಟ್ ರಿಚರ್ಡ್‌ಸನ್ ಕಾದ, ಅವನ ಹಿಂದೆ ಎಡ್ಡಿ ಲೇಸಿ ಕಾದ, ಟಿ.ಜೆ. ಯೆಲ್ಡನ್ ಹಿಂದೆ ಡೆರಿಕ್ ಹೆನ್ರಿ ಕಾದ. ಎರಡು ವರ್ಷ ಹಾಗೆ ಕಾದ ಹೆನ್ರಿ 2015ರಲ್ಲಿ ತನ್ನ ಸರದಿ ಬಂದಾಗ 2,219 ಗಜ ಓಡಿ ಹೈಸ್‌ಮನ್ ಗೆದ್ದ, ತಂಡಕ್ಕೆ ಪ್ರಶಸ್ತಿ ತಂದ. ಮ್ಯಾಕ್ ಜೋನ್ಸ್ 2017ರಲ್ಲಿ ಬಂದು ಹರ್ಟ್ಸ್, ಟಾಗೊವಾಯ್ಲೋವಾ ಇಬ್ಬರ ಹಿಂದೆಯೂ ಉಳಿದ. 2020ರಲ್ಲಿ ತಂಡ ಪೂರ್ತಿಯಾಗಿ ಅವನ ಕೈಗೆ ಬಂದಾಗ ಅವನ ಎಸೆತಗಳಲ್ಲಿ ಶೇ 77ರಷ್ಟು ಗುರಿ ಮುಟ್ಟಿದವು. ಆ ವರ್ಷದ ತಂಡ 13-0ರಿಂದ ಅಜೇಯವಾಗಿ ಉಳಿದು, ಫೈನಲ್‌ನಲ್ಲಿ ಒಹಾಯೊ ಸ್ಟೇಟನ್ನು 52-24ರಿಂದ ಮಣಿಸಿತು. ಆ ರಾತ್ರಿ ಡೆವಾಂಟಾ ಸ್ಮಿತ್ ಮೊದಲಾರ್ಧವೊಂದರಲ್ಲೇ 12 ಎಸೆತಗಳನ್ನು ಹಿಡಿದು 215 ಗಜ ಗಳಿಸಿದ್ದ. 2021ರ ಎನ್‌ಎಫ್‌ಎಲ್ ಆಯ್ಕೆಯ ಮೊದಲ ಸುತ್ತಿನ 32 ಹೆಸರುಗಳಲ್ಲಿ ಆರು ಅಲಬಾಮಾದವು.

ಸೇಬನ್ ಅವರನ್ನು ಬರೀ ಶಿಸ್ತಿನ ಸಿಪಾಯಿ ಎಂದು ಚಿತ್ರಿಸುವವರು ಅವರ ಇನ್ನೊಂದು ಗುಣವನ್ನು ಗಮನಿಸುವುದಿಲ್ಲ. ತಾವು ನಂಬಿದ ಆಟವೇ ಹಳತಾಗುತ್ತಿದೆ ಎಂದು ತಿಳಿದಾಗ ಅದನ್ನು ಬಿಟ್ಟುಕೊಡುವ ಧೈರ್ಯ ಅವರಿಗಿತ್ತು. ಎದುರಾಳಿ ಓಟಗಾರರು ಎತ್ತ ತಿರುಗುತ್ತಾರೆಂಬುದನ್ನು ನೋಡಿ ಕ್ಷಣದಲ್ಲಿ ಕಾವಲನ್ನು ಹಂಚಿಕೊಳ್ಳುವ ಅವರ ರಕ್ಷಣಾ ವಿಧಾನ ಎಷ್ಟು ಬಿಗಿಯಾಗಿತ್ತೆಂದರೆ, 2011ರ ತಂಡ ಪಂದ್ಯವೊಂದಕ್ಕೆ ಸರಾಸರಿ 8.2 ಅಂಕ ಮಾತ್ರ ಬಿಟ್ಟುಕೊಟ್ಟಿತ್ತು. ಫೈನಲ್‌ನಲ್ಲಿ ಲೂಯಿಸಿಯಾನಾ ಸ್ಟೇಟ್ ತಂಡಕ್ಕೆ ಒಂದು ಅಂಕವೂ ದಕ್ಕದಂತೆ ಮಾಡಿ 21-0ರಿಂದ ಗೆದ್ದಿತ್ತು. ಆದರೆ ಅಷ್ಟರಲ್ಲಿ ಆಟ ಬೇರೆ ದಿಕ್ಕಿಗೆ ತಿರುಗುತ್ತಿತ್ತು. ಆಟಗಾರರನ್ನು ಮೈದಾನದ ಅಗಲಕ್ಕೂ ಹರಡಿ, ಎದುರಾಳಿಗೆ ಉಸಿರಾಡಲೂ ಬಿಡದೆ ಯತ್ನದ ಮೇಲೆ ಯತ್ನ ಮಾಡುವ ವೇಗದ ಶೈಲಿ ಎಲ್ಲೆಡೆ ಹಬ್ಬಿತು. 2012ರಲ್ಲಿ ಟೆಕ್ಸಸ್ ಎ ಅಂಡ್ ಎಂ ತಂಡದ ಜಾನಿ ಮ್ಯಾನ್‌ಜೀಲ್ ಟಸ್ಕಲೂಸಾಕ್ಕೇ ಬಂದು 29-24ರಿಂದ ಗೆದ್ದುಹೋದ. ಸೇಬನ್ ಮೊದಲಿಗೆ ಈ ಶೈಲಿಯನ್ನು ಬಹಿರಂಗವಾಗಿಯೇ ವಿರೋಧಿಸಿದರು. ವಿರೋಧ ಫಲಿಸುವುದಿಲ್ಲವೆಂದು ಕಂಡಾಗ 2014ರಲ್ಲಿ, ಸ್ವಭಾವದಲ್ಲಿ ತಮಗೆ ಪೂರ್ತಿ ವಿರುದ್ಧವಾಗಿದ್ದ ಲೇನ್ ಕಿಫಿನ್ ಅವರನ್ನು ಕರೆತಂದು ದಾಳಿಯ ಹೊಣೆಯನ್ನು ಒಪ್ಪಿಸಿದರು. ಆರು ವರ್ಷಗಳ ನಂತರ, 2020ರಲ್ಲಿ ಅದೇ ಅಲಬಾಮಾ ಪಂದ್ಯವೊಂದಕ್ಕೆ ಸರಾಸರಿ 48.5 ಅಂಕ ಗಳಿಸುತ್ತಿತ್ತು. ಅರವತ್ತರ ಗಡಿ ದಾಟಿದ, ಅದಾಗಲೇ ನಾಲ್ಕು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿದ್ದ ಕೋಚ್ ಒಬ್ಬರು ತಮ್ಮ ನಂಬಿಕೆಯನ್ನು ಹೀಗೆ ತಿರುಗಿಸಿಕೊಳ್ಳುವುದು ಯಾವ ಕ್ಷೇತ್ರದಲ್ಲೂ ಅಪರೂಪ.

ಸಹಾಯಕರ ವಿಷಯದಲ್ಲೂ ಇದೇ ಮಾತು. ಬೇರೆಡೆ ಕೆಲಸ ಕಳೆದುಕೊಂಡ ಹೆಸರಾಂತ ಕೋಚ್‌ಗಳಿಗೆ ‘ಅನಲಿಸ್ಟ್’ ಎಂಬ ಹುದ್ದೆ ಕೊಟ್ಟು ಎದುರಾಳಿಗಳ ವಿಡಿಯೊ ಅಧ್ಯಯನಕ್ಕೆ ಕೂರಿಸುವ ಪದ್ಧತಿಯನ್ನು ಅಲಬಾಮಾ ಬೃಹತ್ತಾಗಿ ಬೆಳೆಸಿತು. ಸ್ಟೀವ್ ಸಾರ್ಕಿಸಿಯನ್, ಬುಚ್ ಜೋನ್ಸ್ ಹೀಗೆ ಬಂದವರೇ. ವರ್ಷವರ್ಷವೂ ಸಹಾಯಕರು ಬೇರೆ ತಂಡಗಳ ಮುಖ್ಯ ಕೋಚ್ ಆಗಿ ಹೊರಟುಹೋಗುತ್ತಿದ್ದರೂ ಕೆಲಸ ನಿಲ್ಲದೆ ಸಾಗಿದ್ದಕ್ಕೆ, ಕ್ರಮವು ವ್ಯಕ್ತಿಯ ತಲೆಯೊಳಗಿರದೆ ಸಂಸ್ಥೆಯ ದಿನಚರಿಯಲ್ಲಿದ್ದದ್ದೇ ಕಾರಣ. 2008ರಿಂದ 2023ರವರೆಗೆ ಹದಿನಾರು ವರ್ಷ ಒಂದು ಋತುವಿನಲ್ಲೂ ಗೆಲುವು ಹತ್ತಕ್ಕಿಂತ ಕೆಳಗಿಳಿಯಲಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಮರಳಬೇಕು. ಆ ಹುಡುಗರು ಏಕೆ ಕಾಯುತ್ತಿದ್ದರು? ಕಾದರೆ ಎನ್‌ಎಫ್‌ಎಲ್ ಬಾಗಿಲು ತೆರೆಯುತ್ತದೆಂಬ ಭರವಸೆ ಒಂದು ಕಾರಣವಾಗಿತ್ತು, ಅದು ಹುಸಿಯೂ ಆಗಿರಲಿಲ್ಲ. ಆದರೆ ಇನ್ನೊಂದು ಕಾರಣವನ್ನು ಅಲಬಾಮಾದ ಅಭಿಮಾನಿಗಳು ಅಷ್ಟಾಗಿ ನೆನೆಯುವುದಿಲ್ಲ: ಹೋಗಲು ಅವರಿಗೆ ದಾರಿಯಿರಲಿಲ್ಲ. ಅಂದಿನ ಎನ್‌ಸಿಎಎ ನಿಯಮದಂತೆ ಪದವಿ ಮುಗಿಸದೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋದ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಪಂದ್ಯವಾಡದೆ ಕೂರಬೇಕಿತ್ತು. ಹೊಸ ಊರಿಗೆ ಹೋಗಿ ಕೂರುವುದಕ್ಕಿಂತ ಇಲ್ಲಿಯೇ ಕೂರುವುದು ಲೇಸೆಂದು ಹುಡುಗರು ಲೆಕ್ಕ ಹಾಕುತ್ತಿದ್ದರು. ಓದಿನ ಖರ್ಚನ್ನೂ ಜೀವನವೆಚ್ಚದ ಸಣ್ಣ ಭತ್ಯೆಯನ್ನೂ ಬಿಟ್ಟರೆ ಅವರಿಗೆ ಸಂಬಳವಿರಲಿಲ್ಲ, ತಮ್ಮ ಹೆಸರಿನಿಂದ ಗಳಿಸುವ ಹಕ್ಕೂ ಇರಲಿಲ್ಲ. ಆದರೆ ಕೋಚ್ ಮಾತ್ರ ಒಪ್ಪಂದ ಮುರಿದು ಯಾವಾಗ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಸೇಬನ್ ಸ್ವತಃ ಅಲಬಾಮಾಕ್ಕೆ ಬಂದದ್ದು ಎನ್‌ಎಫ್‌ಎಲ್‌ನ ಮಿಯಾಮಿ ಡಾಲ್ಫಿನ್ಸ್ ತಂಡವನ್ನು ಎರಡೇ ವರ್ಷಕ್ಕೆ ಬಿಟ್ಟು, ಅದೂ ತಾನು ಅಲಬಾಮಾದ ಕೋಚ್ ಆಗುವುದಿಲ್ಲವೆಂದು ಕೆಲವೇ ದಿನಗಳ ಹಿಂದೆ ಹೇಳಿಕೆ ಕೊಟ್ಟ ಮೇಲೆ. ಅವರ ವಾರ್ಷಿಕ ಸಂಬಳ ಕೊನೆಯ ವರ್ಷಗಳಲ್ಲಿ ಒಂದು ಕೋಟಿ ಡಾಲರ್ ಮೀರಿತ್ತು. ಜಾಗವಿರುವುದಕ್ಕಿಂತ ಹೆಚ್ಚು ಹುಡುಗರಿಗೆ ಮಾತು ಕೊಟ್ಟು, ಆಮೇಲೆ ಹಳಬರನ್ನು ಹೊರಕ್ಕೆ ದಾಟಿಸಿ ಸಂಖ್ಯೆ ಸರಿದೂಗಿಸುತ್ತಾರೆಂಬ ಟೀಕೆಗೂ ಅಲಬಾಮಾ ಗುರಿಯಾಗಿತ್ತು. ಈ ಅಭ್ಯಾಸಕ್ಕೆ ಕಡಿವಾಣ ಹಾಕಲೆಂದು ಅಲಬಾಮಾ ಸೇರಿದ್ದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಎಂಬ ವಿಶ್ವವಿದ್ಯಾಲಯಗಳ ಕೂಟ 2011ರಲ್ಲಿ ವರ್ಷಕ್ಕೆ 25 ಜನರ ಮಿತಿಯನ್ನು ತಂದಿತು.

ಹೀಗಾಗಿ ಅಲಬಾಮಾದ ಹಿರಿಮೆಯಲ್ಲಿ ಎರಡು ಎಳೆಗಳು ಹೆಣೆದುಕೊಂಡಿದ್ದವು ಎಂಬುದು ನನ್ನ ತಿಳಿವಳಿಕೆ. ಒಂದು ಸೇಬನ್ ಅವರ ಸ್ವಂತ ದುಡಿಮೆಯದ್ದು: ಆಯ್ಕೆಯ ಅಳತೆಗೋಲು, ದಿನಚರಿ, ಕಲಿಯುವ ಮನಸ್ಸು. ಇನ್ನೊಂದು ಆ ಕಾಲದ ನಿಯಮ ಕೊಟ್ಟದ್ದು: ಕದಲಲಾಗದ ಹುಡುಗರ ಸಂಗ್ರಹ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಹೊಗಳುವುದಾಗಲಿ, ಎರಡನೆಯದನ್ನು ತೋರಿಸಿ ಮೊದಲನೆಯದನ್ನು ಅಲ್ಲಗಳೆಯುವುದಾಗಲಿ ನ್ಯಾಯವಲ್ಲ. ಆ ನಿಯಮ ಎಲ್ಲರಿಗೂ ಒಂದೇ ಆಗಿತ್ತು, ಅದರ ಫಲವನ್ನು ಅಷ್ಟು ಪೂರ್ಣವಾಗಿ ಪಡೆದವರು ಇವರೊಬ್ಬರೇ. ಹರ್ಟ್ಸ್ ಕಥೆ ಎರಡೂ ಎಳೆಗಳನ್ನು ಒಟ್ಟಿಗೆ ತೋರಿಸುತ್ತದೆ. ಇಡೀ ದೇಶ ನೋಡುತ್ತಿರುವಾಗ ಜಾಗ ಕಳೆದುಕೊಂಡ ಆ ಹುಡುಗ ಮರುವರ್ಷವೂ ಅಲ್ಲಿಯೇ ಉಳಿದ. 2018ರ ಡಿಸೆಂಬರ್‌ನಲ್ಲಿ ಅದೇ ಜಾರ್ಜಿಯಾದ ಎದುರು, ಅದೇ ಕ್ರೀಡಾಂಗಣದಲ್ಲಿ ಟಾಗೊವಾಯ್ಲೋವಾ ಗಾಯಗೊಂಡಾಗ ಬೆಂಚಿನಿಂದೆದ್ದು ಬಂದು ತಂಡವನ್ನು 35-28ರಿಂದ ಗೆಲ್ಲಿಸಿದ. ಪದವಿ ಮುಗಿಸಿಕೊಂಡ ಮೇಲೆ, ಕೂರಬೇಕಾದ ನಿರ್ಬಂಧವಿಲ್ಲದೆ, 2019ರಲ್ಲಿ ಓಕ್ಲಹೋಮಾಕ್ಕೆ ಹೋದ. ಆ ಒಂದು ವರ್ಷದ ಕಾಯುವಿಕೆ ಎಷ್ಟು ಅವನ ದೊಡ್ಡತನ, ಎಷ್ಟು ನಿಯಮದ ಒತ್ತಡ ಎಂದು ಬಿಡಿಸಿ ಹೇಳುವುದು ಕಷ್ಟ. ಅವನ ಬಗ್ಗೆ ನನಗಿರುವ ಗೌರವವಂತೂ ಇದರಿಂದ ಕಡಿಮೆಯಾಗುವುದಿಲ್ಲ.

2021 ಈ ವ್ಯವಸ್ಥೆಯ ಬುಡವನ್ನೇ ಅಲುಗಿಸಿತು. ಆ ವರ್ಷದ ಏಪ್ರಿಲ್‌ನಲ್ಲಿ ಎನ್‌ಸಿಎಎ ಒಂದು ಸಲ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಿ ತಕ್ಷಣವೇ ಆಡಲು ಅನುಮತಿ ಕೊಟ್ಟಿತು. ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಓದಿಗೆ ಸಂಬಂಧಿಸಿದ ಸವಲತ್ತುಗಳಿಗೆ ಎನ್‌ಸಿಎಎ ಹಾಕಿದ್ದ ಮಿತಿ ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಒಮ್ಮತದಿಂದ ತೀರ್ಪಿತ್ತಿತು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯದ ಒಪ್ಪಿಗೆ ಪಡೆದ ರಾಜಿ ಒಪ್ಪಂದದ ನಂತರ ವಿಶ್ವವಿದ್ಯಾಲಯಗಳೇ ಎಲ್ಲ ಕ್ರೀಡೆಗಳಿಗೂ ಸೇರಿ 2025-26ನೆಯ ಸಾಲಿನಲ್ಲಿ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಆಟಗಾರರಿಗೆ ಹಂಚಬಹುದಾಗಿದೆ. ಇಂದು ಎರಡನೆಯ ಸಾಲಿನ ಹೆನ್ರಿಗೆ ಮತ್ತೊಂದು ವಿಶ್ವವಿದ್ಯಾಲಯ ಮೊದಲ ಸಾಲಿನ ಜಾಗವನ್ನೂ ಹಣವನ್ನೂ ಒಟ್ಟಿಗೆ ಮುಂದಿಡುತ್ತದೆ. ಅವನು ಹೋದರೆ ತಪ್ಪೆನ್ನಲು ನನಗೆ ಮನಸ್ಸಾಗುವುದಿಲ್ಲ. ಕೋಚ್‌ಗೆ ಮೊದಲಿನಿಂದಲೂ ಇದ್ದ ಸ್ವಾತಂತ್ರ್ಯವೇ ಇದು.

2024ರ ಜನವರಿ 10ರಂದು, ರೋಸ್ ಬೌಲ್ ಎಂಬ ಪ್ರಸಿದ್ಧ ಪಂದ್ಯದಲ್ಲಿ ಮಿಷಿಗನ್ ಎದುರು 27-20ರಿಂದ ಸೋತ ಒಂಬತ್ತು ದಿನಗಳ ನಂತರ ಸೇಬನ್ ನಿವೃತ್ತರಾದರು. ತಾವು ಐವತ್ತು ವರ್ಷ ನಂಬಿಕೊಂಡು ಬಂದ ಕಾಲೇಜು ಕ್ರೀಡೆ ಈಗ ಉಳಿದಿಲ್ಲವೆಂದು ಅದೇ ವರ್ಷದ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನ ಸಭೆಯೊಂದರಲ್ಲಿ ಅವರು ನೊಂದು ಹೇಳಿದರು. ಅವರು ಹೊರಟೊಡನೆ ತಂಡದ ಅತ್ಯುತ್ತಮ ಯುವ ರಕ್ಷಕ ಕೇಲೆಬ್ ಡೌನ್ಸ್ ಒಹಾಯೊ ಸ್ಟೇಟ್ ಸೇರಿ ಅಲ್ಲಿ ಅದೇ ಋತುವಿನಲ್ಲಿ ಚಾಂಪಿಯನ್ ಆದ. ಹೊಸ ಕೋಚ್ ಕೇಲನ್ ಡಿಬೋರ್ ಅವರ ಕೈಗೆ ಬಂದ ಅಲಬಾಮಾ 2024ರಲ್ಲಿ ಒಂಬತ್ತು ಪಂದ್ಯ ಗೆದ್ದು ನಾಲ್ಕು ಸೋತಿತು, ಹದಿನಾರು ವರ್ಷಗಳ ಸರಣಿ ಅಲ್ಲಿಗೆ ಕಡಿಯಿತು. ಇದನ್ನು ಡಿಬೋರ್ ಅವರ ವೈಫಲ್ಯವೆಂದು ಬರೆದುಬಿಡುವುದು ಅವಸರದ ಮಾತು. ಹಳೆಯ ಎಳೆಗಳಲ್ಲಿ ಒಂದು ಅವರ ಕೈಗೆ ಬರಲೇ ಇಲ್ಲ.

ಮೊದಲ ಎಳೆ ಮಾತ್ರ ಬೇರೆ ಕೈಗಳಲ್ಲಿ ಗಟ್ಟಿಯಾಗಿ ಉಳಿಯಿತು. ಅಲಬಾಮಾದಲ್ಲಿ ಎಂಟು ವರ್ಷ ರಕ್ಷಣಾ ವಿಭಾಗವನ್ನು ನಡೆಸಿದ್ದ ಕರ್ಬಿ ಸ್ಮಾರ್ಟ್ ತಮ್ಮ ಜಾರ್ಜಿಯಾಕ್ಕೆ 2021, 2022ರಲ್ಲಿ ಬೆನ್ನುಬೆನ್ನಿಗೆ ಪ್ರಶಸ್ತಿ ತಂದರು, ಮೊದಲನೆಯದನ್ನು ಸೇಬನ್ ಅವರನ್ನೇ 33-18ರಿಂದ ಸೋಲಿಸಿ. ಅದಕ್ಕಿಂತಲೂ ಗಮನಾರ್ಹವಾದದ್ದು ಕರ್ಟ್ ಸಿಗ್ನೆಟ್ಟಿ ಅವರ ಕಥೆ. 2007ರಿಂದ 2010ರವರೆಗೆ, ಅಂದರೆ ಆ 2008ರ ತಂಡ ಬಂದ ಕಾಲದಲ್ಲಿ, ಅಲಬಾಮಾದಲ್ಲಿ ಆಟಗಾರರನ್ನು ಕರೆತರುವ ಕೆಲಸದ ಸಂಯೋಜಕರಾಗಿದ್ದವರು ಇವರೇ. ಅಲ್ಲಿಂದ ಸಣ್ಣ ಕಾಲೇಜುಗಳಲ್ಲಿ ಹದಿಮೂರು ವರ್ಷ ದುಡಿದು, 2023ರಲ್ಲಿ ಒಂಬತ್ತು ಪಂದ್ಯ ಸೋತು ಮೂರು ಗೆದ್ದಿದ್ದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಬಂದರು. ಕಾಯುವವರನ್ನು ಕೂಡಿಹಾಕುವ ದಾರಿ ಮುಚ್ಚಿದ್ದರಿಂದ ಅವರು ತಿರುಗಿ ಯೋಚಿಸಿದರು. ಹದಿನೆಂಟರ ಪ್ರತಿಭೆಗಳ ಹಿಂದೆ ಓಡುವ ಬದಲು, ಬೇರೆಡೆ ಎರಡು ಮೂರು ವರ್ಷ ಆಡಿ ಪಳಗಿದ, ಪ್ರೌಢಶಾಲೆಯಲ್ಲಿ ಯಾರೂ ಅಷ್ಟಾಗಿ ಗಮನಿಸದಿದ್ದ ಆಟಗಾರರನ್ನು ಹುಡುಕಿದರು. ತಮ್ಮ ಹಿಂದಿನ ಜೇಮ್ಸ್ ಮ್ಯಾಡಿಸನ್ ತಂಡದಿಂದ ಹಲವರನ್ನು ಜೊತೆಗೆ ಕರೆತಂದರು, ಆಮೇಲೆ ಕ್ಯಾಲಿಫೋರ್ನಿಯಾದಿಂದ ಫರ್ನಾಂಡೊ ಮೆಂಡೋಸಾ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ತಂದರು. ಅವನು 2025ರ ಹೈಸ್‌ಮನ್ ಗೆದ್ದ.

2026ರ ಜನವರಿ 1ರಂದು ರೋಸ್ ಬೌಲ್‌ನಲ್ಲಿ ಇಂಡಿಯಾನಾ ಎದುರಿಸಿದ್ದು ಅಲಬಾಮಾವನ್ನೇ. ಪ್ರೌಢಶಾಲಾ ದಿನಗಳ ಶ್ರೇಯಾಂಕವನ್ನು ಲೆಕ್ಕಕ್ಕೆ ಹಿಡಿದರೆ ಅಲಬಾಮಾ ಬಹಳ ಮೇಲಿತ್ತು. ಮೈದಾನದಲ್ಲಿ ಕಂಡದ್ದು ಬೇರೆ: ಒಂದೊಂದು ಯತ್ನವನ್ನೂ ಅದೊಂದೇ ಇದೆಯೆಂಬಂತೆ ಆಡುತ್ತಿದ್ದ, ಮುಂದಿದ್ದರೂ ಸಡಿಲಗೊಳ್ಳದ, ತಪ್ಪು ಮಾಡದ ತಂಡ ಎದುರು ಬದಿಯಲ್ಲಿತ್ತು. ಇಂಡಿಯಾನಾ 38-3ರಿಂದ ಗೆದ್ದಿತು. ಹದಿನೆಂಟು ದಿನಗಳ ನಂತರ ಫೈನಲ್‌ನಲ್ಲಿ ಮಿಯಾಮಿ ವಿಶ್ವವಿದ್ಯಾಲಯವನ್ನು 27-21ರಿಂದ ಸೋಲಿಸಿ, 16-0ರ ಅಜೇಯ ಸಾಧನೆಯೊಂದಿಗೆ ತನ್ನ ಇತಿಹಾಸದ ಮೊದಲ ರಾಷ್ಟ್ರೀಯ ಪ್ರಶಸ್ತಿಯನ್ನು ತನ್ನ ಊರಾದ ಬ್ಲೂಮಿಂಗ್ಟನ್ನಿಗೆ ಒಯ್ದಿತು.